ಗಿಗಾಹರ್ಟ್ಸ್ ನೋಡಿ ಮರುಳಾಗಬೇಡಿ



ವಾರ್ಷಿಕೋತ್ಸವದ ಕೋಲಾಟ, ಪ್ರತಿಭಾ ಕಾರಂಜಿಯ ಹಾಡು, ವಿಜ್ಞಾನ ಮೇಳದ ಮಾದರಿ, ಎಲ್ಲವೂ ಈಗ ಮೊಬೈಲಿನಲ್ಲಿ ವಿಡಿಯೊ ಆಗುತ್ತವೆ. ಅವನ್ನು ಕತ್ತರಿಸಿ, ಜೋಡಿಸಿ, ಹೆಸರು ಹಾಕಿ ಪೋಷಕರಿಗೆ ಕಳುಹಿಸಲು ಶಾಲೆಗೊಂದು ಒಳ್ಳೆಯ ಕಂಪ್ಯೂಟರ್ ಬೇಕೆಂಬ ಮಾತು ಎಸ್‌ಡಿಎಂಸಿ ಸಭೆಗಳಲ್ಲಿ ಬರುತ್ತದೆ. ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಡಲು ಮುಂದಾಗುತ್ತಾರೆ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವುದೇ "ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್?" ಎಂದು. ವಿಡಿಯೊ ಕೆಲಸಕ್ಕೆ ಇದು ಸರಿಯಾದ ಪ್ರಶ್ನೆಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ. ಪೆನ್ಸಿಲ್ ಕಾಗದ ಇಟ್ಟುಕೊಳ್ಳಿ, ಸ್ವಲ್ಪ ಲೆಕ್ಕ ಇದೆ.

ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ಚಿತ್ರಗಳು. ಮೊಬೈಲಿನ ಸಾಮಾನ್ಯ ವಿಡಿಯೊದಲ್ಲಿ ಪ್ರತಿ ಚಿತ್ರದ ಅಗಲ 1,920 ಚುಕ್ಕಿ, ಎತ್ತರ 1,080 ಚುಕ್ಕಿ. ಗುಣಿಸಿದರೆ 20,73,600. ಈ ಚುಕ್ಕಿಗಳಿಗೆ ಪಿಕ್ಸೆಲ್ ಎನ್ನುತ್ತಾರೆ. ಒಂದೊಂದರ ಬಣ್ಣ ಬರೆಯಲು ಕೆಂಪು, ಹಸಿರು, ನೀಲಿ ಎಂದು 3 ಬೈಟ್ ಬೇಕು. ಸೆಕೆಂಡಿಗೆ 30 ಚಿತ್ರ. ಹಾಗಾದರೆ ಒಂದು ನಿಮಿಷಕ್ಕೆ ಎಷ್ಟಾಯಿತು? 1,119 ಕೋಟಿ ಬೈಟ್‌ಗೂ ಹೆಚ್ಚು, ಎಂದರೆ ಸುಮಾರು 11 ಜಿಬಿ! 4.7 ಜಿಬಿಯ ಒಂದು ಡಿವಿಡಿಯಲ್ಲಿ ಇಂತಹ ವಿಡಿಯೊ 25 ಸೆಕೆಂಡಿನಷ್ಟು ಮಾತ್ರ ಹಿಡಿಸುತ್ತದೆ. ಕೋಲಾಟದ ಮೊದಲ ಸುತ್ತೂ ಮುಗಿಯದು.

ಆದ್ದರಿಂದ ವಿಡಿಯೊವನ್ನು ಕುಗ್ಗಿಸಲೇಬೇಕು. ಈ ಕುಗ್ಗಿಸುವ ಕೆಲಸಕ್ಕೆ ಎನ್‌ಕೋಡಿಂಗ್ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಎಂಬ ವಿಧಾನ ಇಂದಿಗೂ ಬಹಳ ಬಳಕೆಯಲ್ಲಿದೆ. ಅದರ ಉಪಾಯ ಸರಳ. ಕಬಡ್ಡಿ ಆಟದ ವಿಡಿಯೊ ನೆನೆಸಿಕೊಳ್ಳಿ. ಹಿಂದಿನ ಗೋಡೆ, ಬೇವಿನ ಮರ, ಗೆರೆ ಎಳೆದ ಅಂಕಣ ಎಲ್ಲವೂ ಒಂದು ಚಿತ್ರದಿಂದ ಮುಂದಿನದಕ್ಕೆ ಹಾಗೆಯೇ ಇರುತ್ತವೆ. ಓಡುವ ಹುಡುಗ ಮಾತ್ರ ಸ್ವಲ್ಪ ಸರಿದಿರುತ್ತಾನೆ. ಅವನನ್ನು ಮತ್ತೆ ಪೂರ್ತಿ ಬರೆಯುವ ಬದಲು "ಹಿಂದಿನ ಚಿತ್ರದ ಈ ತುಂಡು ಬಲಕ್ಕೆ ಇಷ್ಟು ಸರಿದಿದೆ" ಎಂದು ಬರೆದರೆ ಸಾಕು.

ಆದರೆ ತುಂಡು ಎಲ್ಲಿಗೆ ಸರಿದಿದೆ ಎಂದು ಹುಡುಕುವವರು ಯಾರು? ಪ್ರೊಸೆಸರ್. ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ಮಾಡಿದರೆ ಸುಮಾರು 8,000 ಚೌಕಗಳಾಗುತ್ತವೆ. ಒಂದು ಚೌಕವನ್ನು ನಾಲ್ಕೂ ಕಡೆಗೆ 16 ಚುಕ್ಕಿಗಳವರೆಗೆ ಸರಿಸಿ ನೋಡಲು 33 ಗುಣಿಸು 33, ಅಂದರೆ 1,089 ಜಾಗಗಳಿವೆ. ಪ್ರತಿ ಜಾಗದಲ್ಲೂ 256 ಚುಕ್ಕಿಗಳನ್ನು ಹೋಲಿಸಬೇಕು. ಒಂದೇ ಚಿತ್ರಕ್ಕೆ 220 ಕೋಟಿಗೂ ಹೆಚ್ಚು ಹೋಲಿಕೆ! ನಿಜವಾದ ತಂತ್ರಾಂಶಗಳು ಎಲ್ಲ ಜಾಗಗಳನ್ನೂ ನೋಡುವುದಿಲ್ಲ, ಜಾಣತನದಿಂದ ಕೆಲವನ್ನಷ್ಟೇ ನೋಡುತ್ತವೆ. ಆದರೂ ಕೆಲಸ ಎಷ್ಟು ಭಾರವೆಂದು ನಿಮಗೆ ತಿಳಿಯಿತಲ್ಲವೇ?

ಈಗ ಗಿಗಾಹರ್ಟ್ಸ್ ವಿಷಯಕ್ಕೆ ಬರೋಣ. ಪ್ರೊಸೆಸರಿನ ಒಳಗೆ ತಾಳದಂತೆ ಒಂದು ಮಿಡಿತ ಇರುತ್ತದೆ. ಸೆಕೆಂಡಿಗೆ 100 ಕೋಟಿ ಮಿಡಿತವಾದರೆ 1 ಗಿಗಾಹರ್ಟ್ಸ್. ಇಂಟೆಲ್ ಕಂಪನಿಯ ಪೆಂಟಿಯಂ 4 ಪ್ರೊಸೆಸರ್ 2000ದಲ್ಲಿ 1.5 ಗಿಗಾಹರ್ಟ್ಸ್‌ನಲ್ಲಿ ಬಂತು. 2004ರ ಹೊತ್ತಿಗೆ 3.8 ತಲುಪಿತು. ಮುಂದೆ 4 ಆಗಬೇಕಿತ್ತು, ಆದರೆ ಆ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. ಮಿಡಿತ ಹೆಚ್ಚಿದಂತೆ ಬಿಸಿಯೂ ವಿಪರೀತವಾಗಿ ಹೆಚ್ಚುತ್ತಿತ್ತು. 2006ರಲ್ಲಿ ಅದೇ ಕಂಪನಿಯ ಕೋರ್ 2 ಡ್ಯುಯೊ ಬಂದಿತು. ಅದರ ಒಂದು ಮಾದರಿ ಕೇವಲ 2.4 ಗಿಗಾಹರ್ಟ್ಸ್. ಆದರೂ ವಿಡಿಯೊ ಕುಗ್ಗಿಸುವುದರಲ್ಲಿ 3.8ರ ಪೆಂಟಿಯಂ 4ನ್ನು ಸುಲಭವಾಗಿ ಹಿಂದಿಕ್ಕಿತು!

ಇದು ಹೇಗೆ ಸಾಧ್ಯ? ಒಂದು ಕಾರಣ, ಅದರಲ್ಲಿ ಕೆಲಸ ಮಾಡುವ ಘಟಕಗಳು, ಅಂದರೆ ಕೋರ್‌ಗಳು, ಎರಡಿದ್ದವು. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. ಚೌಕದ ಒಂದು ಸಾಲಿನಲ್ಲಿ 16 ಚುಕ್ಕಿಗಳಿವೆಯಷ್ಟೆ? ಇಂತಹ 16 ಸಂಖ್ಯೆಗಳನ್ನು ಇನ್ನೊಂದು 16ರೊಡನೆ ಒಟ್ಟಿಗೇ ಹೋಲಿಸುವ ವಿಶೇಷ ಆದೇಶ ಎರಡೂ ಪ್ರೊಸೆಸರುಗಳಲ್ಲಿತ್ತು. ಪೆಂಟಿಯಂ 4 ಅದನ್ನು ಅರ್ಧರ್ಧ ಮಾಡಿಕೊಂಡು ಎರಡು ಸಲಕ್ಕೆ ಮುಗಿಸುತ್ತಿತ್ತು. ಕೋರ್ 2 ಇಡೀ ಸಾಲನ್ನು ಒಂದೇ ಸಲಕ್ಕೆ ತೆಗೆದುಕೊಳ್ಳುತ್ತಿತ್ತು. ಮಿಡಿತ ಎಷ್ಟು ಎನ್ನುವುದಕ್ಕಿಂತ ಒಂದು ಮಿಡಿತದಲ್ಲಿ ಎಷ್ಟು ಕೆಲಸ ಎನ್ನುವುದು ಮುಖ್ಯವಾಯಿತು.

ಹಾಗಾದರೆ ಕೋರ್‌ಗಳನ್ನು ಹೆಚ್ಚಿಸುತ್ತಾ ಹೋಗೋಣವೇ? ಬಿಸಿಯೂಟದ ಅಡುಗೆಮನೆ ನೋಡಿ. ನಾಲ್ವರು ಕೂತರೆ ತರಕಾರಿ ಬೇಗ ಹೆಚ್ಚಿ ಮುಗಿಯುತ್ತದೆ. ಆದರೆ ಬೇಳೆ ಬೇಯುವ ತನಕ ಎಂಟು ಜನರಿದ್ದರೂ ಕಾಯಲೇಬೇಕು. ಎನ್‌ಕೋಡಿಂಗ್‌ನಲ್ಲೂ ಒಂದು ಚಿತ್ರ ಇನ್ನೊಂದನ್ನು ಆಧರಿಸಿರುವುದರಿಂದ 8 ಕೋರ್ ಇದ್ದರೆ 8 ಪಟ್ಟು ವೇಗ ಸಿಗುವುದಿಲ್ಲ. ಲಾಭ ಉಂಟು, ಅಷ್ಟು ಇಲ್ಲ.

ಇನ್ನೊಂದು ದಾರಿಯಿದೆ. ನಿಮ್ಮ ಮನೆಯ ಮೊಬೈಲ್ ಪುಟ್ಟ ಬ್ಯಾಟರಿಯಲ್ಲೇ ವಿಡಿಯೊ ತೆಗೆಯುತ್ತಾ ಆಗಿಂದಾಗಲೇ ಕುಗ್ಗಿಸಿಬಿಡುತ್ತದೆ. ಅದರೊಳಗೆ ಈ ಕೆಲಸಕ್ಕೆಂದೇ ಮಾಡಿದ ಪುಟ್ಟ ಮಂಡಲ ಇರುತ್ತದೆ. 2011ರಿಂದ ಇಂಟೆಲ್ ಕಂಪನಿಯ ಕಂಪ್ಯೂಟರ್ ಪ್ರೊಸೆಸರುಗಳಲ್ಲೂ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇಂತಹ ಮಂಡಲ ಬಂದಿದೆ. ಇದು ಪ್ರೊಸೆಸರಿನ ಚಿತ್ರ ಭಾಗ, ಅಂದರೆ ಗ್ರಾಫಿಕ್ಸ್‌ನೊಂದಿಗೆ ಇರುತ್ತದೆ. ಇಲ್ಲೊಂದು ಎಚ್ಚರಿಕೆ. ಮಾದರಿ ಸಂಖ್ಯೆಯ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು ಅದನ್ನು ತಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಮೂಡದು.

ನನ್ನ ಸಲಹೆ ಇಷ್ಟು. ಶಾಲೆಯ ಕೆಲಸಕ್ಕೆ ಇಂತಹ ಮಂಡಲವಿರುವ ಮಧ್ಯಮ ಬೆಲೆಯ ಪ್ರೊಸೆಸರ್ ಸಾಕು. "ಹತ್ತು ವರ್ಷ ಬಾಳಬೇಕು, ದೊಡ್ಡದನ್ನೇ ತನ್ನಿ" ಎನ್ನುವ ಹಿರಿಯರು ಇದ್ದಾರೆ. ಅವರ ಕಾಳಜಿ ದೊಡ್ಡದು, ಆದರೆ ನಾನು ಒಪ್ಪುವುದಿಲ್ಲ. ಉಳಿದ ಹಣದಲ್ಲಿ ಒಳ್ಳೆಯ ಯುಪಿಎಸ್ ಕೊಳ್ಳಿ. ಎನ್‌ಕೋಡಿಂಗ್ ಮುಕ್ಕಾಲು ಭಾಗ ಆದಾಗ ಕರೆಂಟ್ ಹೋದರೆ ಸಾಮಾನ್ಯವಾಗಿ ಮತ್ತೆ ಮೊದಲಿನಿಂದಲೇ ಶುರುಮಾಡಬೇಕು. ಆಗ ಎಷ್ಟು ದುಬಾರಿ ಪ್ರೊಸೆಸರ್ ಇದ್ದರೇನು?

ಮಂಡಲದ ವಿಧಾನಕ್ಕೂ ಒಂದು ಕೊರತೆ ಇದೆ. ಅವಸರದ ಕೆಲಸವಾದ್ದರಿಂದ, ಅದೇ ಅಂದಕ್ಕೆ ಫೈಲು ಸ್ವಲ್ಪ ದೊಡ್ಡದಾಗಬಹುದು. ಪ್ರೊಸೆಸರಿನ ಕೋರ್‌ಗಳೇ ನಿಧಾನವಾಗಿ ಹುಡುಕಿದರೆ ಫೈಲು ಚಿಕ್ಕದಾಗುತ್ತದೆ. ದೊಡ್ಡ ಫೈಲು ಎಂದರೆ ಪೋಷಕರ ಮೊಬೈಲ್ ಡೇಟಾ ಹೆಚ್ಚು ಖರ್ಚು. ದಿನವೂ ಪಾಠದ ವಿಡಿಯೊ ಮಾಡಿ ನೂರಾರು ಜನರಿಗೆ ಕಳುಹಿಸುವ ಶಾಲೆಯಾದರೆ ಹೆಚ್ಚು ಕೋರ್‌ಗಳಿಗೆ ಹಣ ಕೊಡುವುದು ಸರಿಯೇ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವ ಶಾಲೆಗೆ ಅದು ಬೇಡ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ, ಪರೀಕ್ಷೆ ಮಾಡಿ. ನಿಮ್ಮದೇ ಶಾಲೆಯ ಎರಡು ನಿಮಿಷದ ಒಂದು ವಿಡಿಯೊವನ್ನು ಪೆನ್ ಡ್ರೈವಿನಲ್ಲಿ ಹಾಕಿ ಗುರುಗಳ ಕೈಯಲ್ಲಿ ಅಂಗಡಿಗೆ ಕಳುಹಿಸಿ. ಓಡಾಟ, ಧೂಳು, ಅಲುಗಾಡುವ ಎಲೆಗಳು ಇರುವ ವಿಡಿಯೊ ಆಗಲಿ, ಕುಗ್ಗಿಸಲು ಅಂಥದ್ದೇ ಕಷ್ಟ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. ಎರಡು ಕಂಪ್ಯೂಟರುಗಳಲ್ಲೂ ಅದೇ ವಿಡಿಯೊ, ಅದೇ ತಂತ್ರಾಂಶ, ಅದೇ ಆಯ್ಕೆಗಳು ಇರಲಿ. ಬದಲಾಗುವುದು ಕಂಪ್ಯೂಟರ್ ಒಂದೇ. ಗಡಿಯಾರ ನೋಡಿ ಮೂರು ಮೂರು ಸಲ ಸಮಯ ಬರೆದು ಸರಾಸರಿ ತೆಗೆಯಲಿ. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಒಮ್ಮೆ ಕ್ವಿಕ್ ಸಿಂಕ್ ಆರಿಸಿ, ಒಮ್ಮೆ ಬಿಟ್ಟು ನೋಡಲಿ. ಪಕ್ಕದಲ್ಲಿ ಫೈಲಿನ ಎಂಬಿ ಎಷ್ಟೆಂದೂ ಬರೆಯಲಿ. ಆ ಪಟ್ಟಿಯನ್ನು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಓದಿ ಹೇಳಿ.