ಬಲೆ ಬೀಸಿದವರಷ್ಟೇ ಮೀನುಗಾರರೇ?

ಅಫಜಲಪುರ ತಾಲೂಕಿನಲ್ಲಿ ಮೀನೆಂದರೆ ಭೀಮಾ ನದಿ, ಸೊನ್ನ ಬ್ಯಾರೇಜಿನ ನೀರು, ಕರಜಗಿಯಂಥ ಊರುಗಳ ಸಂತೆ. ಬೆಳಗಿನ ಜಾವ ಗಂಡಸರು ಬಲೆ ಎಳೆದು ದಡ ಸೇರಿದರೆ ಅವರ ಕೆಲಸ ಬಹುಪಾಲು ಮುಗಿಯಿತು. ಮನೆಯಾಕೆಯದು ಆಗ ಶುರು. ಬುಟ್ಟಿ ಹೊತ್ತು ಬಂದು, ಈಳಿಗೆ ಮಣೆ ಮುಂದಿಟ್ಟುಕೊಂಡು, ಜಾರುವ ಮುರುಗೋಡು ಮೀನಿಗೆ ಬೂದಿ ಸವರಿ ಹಿಡಿದು, ಗಿರಾಕಿ ಕೇಳಿದ ಹಾಗೆ ತುಂಡು ಮಾಡಬೇಕು. ಬಿಸಿಲೇರಿದಂತೆ ಮೀನಿನ ಕಣ್ಣು ಮಸುಕಾಗುತ್ತದೆ, ದರ ಇಳಿಯುತ್ತದೆ. ಆ ನಷ್ಟ ಆಕೆಯ ಮಡಿಲಿಗೆ. ಸಂಜೆ ಹರಿದ ಬಲೆಗೆ ದಾರ ಹಾಕುವ ಕೈಯೂ ಆಕೆಯದೇ.

ಮೀನುಗಾರರ ಸಹಕಾರ ಸಂಘದ ಮಾತು ಬಂದರೆ ಮಾತ್ರ, ‘ಹೆಣ್ಮಕ್ಕಳು ನೀರಿಗೆ ಇಳಿಯಂಗಿಲ್ಲ, ಅವ್ರಿಗ್ಯಾಕ್ರೀ ಸಂಘ?’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೆರೆಯ ಗುತ್ತಿಗೆ ಹಿಡಿಯುವುದು, ಮರಿ ಬಿಡುವುದು, ಹಿಡಿದದ್ದನ್ನು ಯಾರಿಗೆ ಯಾವ ದರಕ್ಕೆ ಕೊಡುವುದು ಎಂಬುದು ಸಂಘದಲ್ಲಿ ತೀರ್ಮಾನವಾಗುತ್ತದೆ. ಅಷ್ಟೂ ಮೀನು ಗುತ್ತಿಗೆದಾರನ ಗಾಡಿ ಹತ್ತಿದರೆ ಆಕೆಯ ಬುಟ್ಟಿ ಖಾಲಿ. ಹೊಟ್ಟೆಗೆ ಹೊಡೆತ ಬೀಳುವವಳಿಗೇ ಅಲ್ಲಿ ಬಾಯಿಲ್ಲ.

ರಾಜ್ಯದ ಸಹಕಾರ ಕಾಯ್ದೆ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಟ್ಟಿದೆ, ನಿಜ. ಸದಸ್ಯತ್ವವೇ ಸಿಗದವಳು ಆ ಕುರ್ಚಿಗೆ ಹೋಗುವುದು ಹೇಗೆ? 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಶೇ. 60 ಸಹಾಯಧನ ಕೊಡುತ್ತದೆ. ಆದರೆ ಮೀನು ಸಾಕುವ ಹೊಂಡ ತೋಡಲು ಹೊಲ ಬೇಕು, ಹೊಲದ ಪಹಣಿಯಲ್ಲಿ ಇರುವುದು ಹೆಚ್ಚಾಗಿ ಗಂಡನ ಹೆಸರೋ ಮಾವನ ಹೆಸರೋ. 2023ರ ಬಜೆಟ್ಟಿನಲ್ಲಿ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದ್ದು ಒಳ್ಳೆಯದೇ. ಆದರೆ ಸಾಲ ಕೊಟ್ಟ ಮಾತ್ರಕ್ಕೆ ಅಧಿಕಾರ ಕೊಟ್ಟಂತಾಗಲಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದು ಇಲ್ಲಿ ಯಾರೂ ಮರೆತಿಲ್ಲ. ವಿಪತ್ತು ಪರಿಹಾರದ ನಿಯಮದಲ್ಲಿ ದೋಣಿಗೆ, ಬಲೆಗೆ ಲೆಕ್ಕವಿದೆ. ವಾರಗಟ್ಟಲೆ ನಿಂತುಹೋಗುವ ಬುಟ್ಟಿ ವ್ಯಾಪಾರಕ್ಕೆ ಲೆಕ್ಕವಿಲ್ಲ.

ಇದು ಬರೀ ನಮ್ಮ ಕಡೆಯ ಕಥೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2022ರ ವರದಿ ಪ್ರಕಾರ ಮೀನು ಹಿಡಿಯುವ, ಸಾಕುವ ಕೆಲಸದಲ್ಲಿ ಮಹಿಳೆಯರು ಶೇ. 21. ಹಿಡಿಯುವ ಮುಂಚಿನ, ನಂತರದ ಕೆಲಸ ಸೇರಿಸಿದರೆ ಸುಮಾರು ಅರ್ಧ.

ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದು. ಊರು ಆಳಬಲ್ಲವರು ಕೆರೆಯ ಮೀನಿನ ದರ ನಿಗದಿ ಮಾಡಲಾರರೇ? ಮೀನುಗಾರಿಕೆ ಇಲಾಖೆಯವರು ಮಾರುವವರನ್ನೂ ಬಲೆ ಹೆಣೆಯುವವರನ್ನೂ ಮೀನುಗಾರರೆಂದೇ ಬರೆದುಕೊಳ್ಳಲಿ. ಮುಂದಿನ ಸರ್ವಸದಸ್ಯರ ಸಭೆಗೆ ಮುಂಚೆ ಅವರ ಹೆಸರು ಸಂಘದ ಸದಸ್ಯರ ಪುಸ್ತಕಕ್ಕೆ ಏರಬೇಕು.