ಗೋಡೆ ಮೇಲೆ ಏಳು ಕುದುರೆನೇ ಯಾಕೆ?

ದುಡ್ಡಿನ ಮಾತು, ಭಾಗ 11

ನಿಮ್ಮ ಮನೆ ಹಾಲ್‌ನಲ್ಲಿ ಓಡೋ ಏಳು ಬಿಳಿ ಕುದುರೆ ಫೋಟೋ ಐತಾ? ನಮ್ಮ ದೊಡ್ಡಪ್ಪನ ಮನೇಲಿ ಐತೆ, ಸೋದರತ್ತೆ ಮನೇಲಿ ಐತೆ, ದುರ್ಗದಲ್ಲಿ ನಾನು ರೀಚಾರ್ಜ್ ಮಾಡಿಸೋ ಅಂಗಡೀಲೂ ಐತೆ. ಹೋದ ವರ್ಷ ತುರುವನೂರಲ್ಲಿ ನಮ್ಮ ಹೊಸ ಮನೆ ಮುಗಿದಾಗ ಅಪ್ಪಾಜಿನೂ ಅದನ್ನೇ ತರೋಕೆ ಹೊರಟಿದ್ರು. ಫ್ರೇಮ್ ಸೇರಿ 1,800 ರೂಪಾಯಿ. ನಾನು ಬೇಡ ಅಂದೆ.

ನಮ್ಮ ಕಡೆ ಅಂಗಡಿ ಬೋರ್ಡು, ಶಾಲೆ ಗೋಡೆ ಬರೀತಿದ್ದ ಒಬ್ಬರು ಪೇಂಟರ್ ಅಣ್ಣ ಇದ್ದಾರೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಕೆಲಸ ನಿಂತೋಯ್ತು, ಈಗ ಮನೆಗಳಿಗೆ ಬಣ್ಣ ಹೊಡೀತಾರೆ. ಕೆಡವಿದ ನಮ್ಮ ಹಳೇ ಮಾಳಿಗೆ ಮನೆಯ ಫೋಟೋ ಅವರ ಕೈಗೆ ಕೊಟ್ಟೆ. 2,000 ಕೇಳಿದ್ರು, ಚೌಕಾಸಿ ಮಾಡಲಿಲ್ಲ.

ಚಿತ್ರ ಬಂದ ದಿನ ಅಜ್ಜಿ ಎದುರಿಗೆ ನಿಂತು, "ಪಡಸಾಲೆ ಕಂಬ ಒಂದು ಕಮ್ಮಿ ಬಂದೈತಲ್ಲೋ" ಅಂದ್ರು. ಫೋಟೋದಲ್ಲಿ ಆ ಕಂಬ ಕಾಣ್ತಿರಲಿಲ್ಲ. ಮಾರನೇ ದಿನ ಆ ಅಣ್ಣ ಬ್ರಷ್ ಹಿಡ್ಕೊಂಡು ಬಂದು, ಅಜ್ಜಿ ಬೆರಳು ತೋರಿಸಿದ ಕಡೆ ಕಂಬ ನಿಲ್ಲಿಸಿದ್ರು. ಕುದುರೆ ಫೋಟೋದಲ್ಲಿ ಇದು ಆಗ್ತಿತ್ತಾ?

ಪ್ರಿಂಟ್ ಕೆಟ್ಟದ್ದು ಅಂತಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಶುರು ಮಾಡಿದ್ದಕ್ಕೇ ಅವರ ಲಕ್ಷ್ಮಿ, ಸರಸ್ವತಿ ಸಾಮಾನ್ಯ ಜನರ ಮನೆಗೂ ಬಂದರು. ದೇವರ ಮನೇಲಿ ಅವು ಇರಲಿ. ಆದರೆ ಹಾಲ್‌ನ ಒಂದು ಗೋಡೆಯಾದರೂ ನಿಮ್ಮ ಮನೆಯ ಕಥೆ ಹೇಳಲಿ. ನೀವು ಕೊಟ್ಟ ದುಡ್ಡೂ ಬರೆದ ಕೈಗೇ ಹೋಗುತ್ತೆ.

ತಗೊಳ್ಳೋವಾಗ ಇಷ್ಟು ನೋಡಿ:

1. ಮೊದಲು ಗೋಡೆ ಅಳತೆ ತಗೊಳ್ಳಿ. ಸೋಫಾ ಮೇಲೆ ಹಾಕೋದಾದ್ರೆ ಚಿತ್ರದ ಅಗಲ ಸೋಫಾದ ಮೂರನೇ ಎರಡು ಭಾಗ ಇದ್ರೆ ಚೆನ್ನ.
2. ಮೊಬೈಲ್‌ನಲ್ಲಿ ನೋಡಿ ಒಪ್ಪಬೇಡಿ. ಹಗಲು ಬೆಳಕಲ್ಲಿ ಎದುರಿಗೆ ನೋಡಿ. ಬದಿಯಿಂದ ನೋಡಿದ್ರೆ ಬ್ರಷ್ ಎಳೆದ ಗುರುತು ಕಾಣುತ್ತೆ.
3. ಜಲವರ್ಣ ಆದ್ರೆ ಗಾಜಿನ ಫ್ರೇಮ್ ಬೇಕು. ಯಾವುದೇ ಆಗಲಿ, ನೇರ ಬಿಸಿಲು ಬೀಳೋ ಗೋಡೆ, ತೇವದ ಗೋಡೆ ಬೇಡ.
4. ಕಲಾವಿದರ ಸಹಿ, ಇಸವಿ ಹಾಕಿಸ್ಕೊಳ್ಳಿ.
5. "ಮುಂದೆ ರೇಟ್ ಏರುತ್ತೆ" ಅಂತ ತಗೋಬೇಡಿ. ಬಿಕಾಂ ಓದ್ತಿರೋನಾಗಿ ಹೇಳ್ತೀನಿ, ಇದು ಷೇರು ಅಲ್ಲ. ದಿನಾ ನೋಡೋಕೆ ಇಷ್ಟ ಆದ್ರೆ ಮಾತ್ರ ತಗೊಳ್ಳಿ.

ಊರಲ್ಲಿ ಯಾರೂ ಸಿಗಲಿಲ್ವಾ? ಬೆಂಗಳೂರಿನ ಕುಮಾರಕೃಪಾ ರಸ್ತೇಲಿ ಚಿತ್ರಕಲಾ ಪರಿಷತ್ತು ಜನವರಿಯ ಒಂದು ಭಾನುವಾರ ಚಿತ್ರಸಂತೆ ನಡೆಸುತ್ತೆ. ರಸ್ತೆ ತುಂಬಾ ಕಲಾವಿದರೇ ನಿಂತು ಮಾರ್ತಾರೆ. ನೂರು ರೂಪಾಯಿಯಿಂದ ಲಕ್ಷದವರೆಗೂ ಇರುತ್ತೆ.

ಆದ್ರೆ ಮೊದಲು ನಿಮ್ಮ ಬೀದಿ ನೋಡಿ. ನಮ್ಮ ಹಾಲ್ ನೋಡಿದ ಮೇಲೆ ಆ ಅಣ್ಣಂಗೆ ಇನ್ನೂ ಎರಡು ಮನೆಯವರು ಚಿತ್ರ ಹೇಳಿದ್ದಾರೆ. ಅಪ್ಪಾಜಿ ಈಗ ಬಂದೋರಿಗೆಲ್ಲ ಆ ಕಂಬದ ಕಥೆ ಹೇಳ್ತಾರೆ, ಚಿತ್ರ ಬರೆಸೋ ಐಡಿಯಾ ತಮ್ಮದೇ ಅನ್ನೋ ಹಂಗೆ.

ನಿಮ್ಮೂರಲ್ಲಿ ಬ್ರಷ್ ಹಿಡಿಯೋರು ಯಾರಾದ್ರೂ ಇದ್ದಾರಾ?

#ತುರುವನೂರು #ದುಡ್ಡಿನಮಾತು #ಮನೆಗೊಂದುಚಿತ್ರ