ನಾಮಾವಳಿಗಳೂ ಆಪ್ತವಾಕ್ಯವೂ

ಲೋಕಪ್ರಸಿದ್ಧರ ಹೆಸರುಗಳನ್ನು ಒಟ್ಟುಗೂಡಿಸಿ ನಾಮಾವಳಿಗಳನ್ನು ರಚಿಸುವ ಉದ್ಯೋಗವು ಈಚೆಗೆ ಬಹಳವಾಗಿ ಬೆಳೆದಿದೆ. ಕವಿಗಳ ಪಟ್ಟಿ, ಪಾರಿತೋಷಕ ಪಡೆದವರ ಪಟ್ಟಿ, ಶತಾಯುಷಿಗಳ ಪಟ್ಟಿ ಮೊದಲಾದವುಗಳಲ್ಲಿ ಒಂದು ಹೆಸರು ತಪ್ಪಾಗಿ ಸೇರಿಹೋದರೆ ದೊಡ್ಡ ಹಾನಿಯೇನೂ ಇಲ್ಲ. ಬಲ್ಲವರು ನಕ್ಕು, ಮುಂದಿನ ಮುದ್ರಣದಲ್ಲಿ ತಿದ್ದಿಸುವರು. ಆದರೆ ಅವೇ ಕೈಗಳು ಅದೇ ಲಘುತ್ವದಿಂದ ಎಚ್.ಐ.ವಿ. ಸೋಂಕುಳ್ಳ ಪ್ರಸಿದ್ಧರ ಪಟ್ಟಿಯನ್ನೂ ರಚಿಸುತ್ತಿರುವುದು ಶೋಚನೀಯವಾದ ಸಂಗತಿ. ಇಲ್ಲಿ ಒಂದು ಹೆಸರನ್ನು ಬರೆಯುವುದೆಂದರೆ ಒಬ್ಬ ಮನುಷ್ಯನ ರಕ್ತದಲ್ಲಿ ಏನಿದೆಯೆಂಬುದನ್ನು ಊರಿಗೆಲ್ಲ ಡಂಗುರ ಸಾರುವುದು. ಸಾರುವ ಅಧಿಕಾರವು ಪಟ್ಟಿಕಾರನಿಗೆ ಎಲ್ಲಿಂದ ಬಂದಿತು?

ಕೇಳಿದರೆ ಅವನಲ್ಲಿ ಉತ್ತರವು ಸಿದ್ಧವಾಗಿದೆ: “ಹತ್ತು ಪತ್ರಿಕೆಗಳಲ್ಲಿ ಅಚ್ಚಾಗಿದೆಯಲ್ಲ!” ಹತ್ತು ಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಒಂಬತ್ತು ಹತ್ತನೆಯದನ್ನು ನೋಡಿ ಬರೆದುಕೊಂಡಿರುವುದುಂಟು, ಹತ್ತನೆಯದು “ಆಪ್ತಮೂಲಗಳಿಂದ ತಿಳಿದುಬಂದಿದೆ” ಎಂದು ಹೇಳಿ ಸುಮ್ಮನಾಗುವುದು. ಪ್ರಾಚೀನ ನೈಯಾಯಿಕರು ಇಂಥ ವಾರ್ತೆಗೆ ಐತಿಹ್ಯವೆಂದು ಹೆಸರಿಟ್ಟಿದ್ದರು. ಈ ಆಲದ ಮರದಲ್ಲಿ ಯಕ್ಷನಿದ್ದಾನೆಂದು ಊರವರೆಲ್ಲರೂ ಹೇಳುವರು. ಮೊದಲು ಹೇಳಿದವನಾರೆಂದು ಮಾತ್ರ ಒಬ್ಬರಿಗೂ ತಿಳಿಯದು. ಅದನ್ನು ಸ್ವತಂತ್ರ ಪ್ರಮಾಣವೆಂದು ಅವರು ಅಂಗೀಕರಿಸಲಿಲ್ಲ. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು. ಎಂದರೆ ವಿಷಯವನ್ನು ತಾನೇ ಅರಿತು, ಅರಿತದ್ದನ್ನು ಅರಿತಂತೆ ಇತರರಿಗೆ ತಿಳಿಸುವ ಇಚ್ಛೆಯುಳ್ಳವನಾಗಿರಬೇಕು. ಎಚ್.ಐ.ವಿ. ವಿಷಯದಲ್ಲಿ ಅಂಥವನಾರು? ವೈದ್ಯನಿಗೆ ತಿಳಿದಿರುತ್ತದೆ, ಆದರೆ ಅವನ ಬಾಯಿಗೆ ವೃತ್ತಿಧರ್ಮವು ಬೀಗವನ್ನಿಕ್ಕಿದೆ. ಆಸ್ಪತ್ರೆಯ ಗುಮಾಸ್ತನಿಗೂ ತಿಳಿದಿರಬಹುದು. ಅವನು ಹೇಳಿದನೆಂದರೆ ವಿಶ್ವಾಸಘಾತ ಮಾಡಿದನೆಂದೇ ಅರ್ಥ, ಘಾತುಕನು ಆಪ್ತನಾಗಲಾರ. ಉಳಿದವನು ಸೋಂಕುಳ್ಳವನೊಬ್ಬನೇ. ಅವನು ತೀರಿಹೋಗಿದ್ದರೆ, ಹೆಸರು ಹಾಕಿ ಬಹಿರಂಗವಾಗಿ ಹೇಳಿದ ಅವನ ಮನೆಯವರು.

ಅಚ್ಚಾದದ್ದನ್ನೆಲ್ಲ ನಂಬಿದರೆ ಏನಾಗುವುದೆಂಬುದಕ್ಕೆ ಗೇಟನ್ ಡ್ಯೂಗಾಸ್ ಎಂಬವರ ಕಥೆಗಿಂತ ಬೇರೆ ನಿದರ್ಶನವು ಬೇಡ. ಅವರು ಕೆನಡಾ ದೇಶದ ವಿಮಾನ ಪರಿಚಾರಕರು. 1984ನೆಯ ಇಸವಿಯ ಮಾರ್ಚಿಯಲ್ಲಿ ಏಡ್ಸಿನಿಂದ ಮೃತರಾದರು. ಅದೇ ವರ್ಷ ಅಮೆರಿಕೆಯ ಸಂಶೋಧಕರು 40 ಮಂದಿ ರೋಗಿಗಳ ಪರಸ್ಪರ ಸಂಬಂಧವನ್ನು ತೋರಿಸುವ ಒಂದು ಚಿತ್ರವನ್ನು ಪ್ರಕಟಿಸಿದರು. ಡ್ಯೂಗಾಸರು ಕ್ಯಾಲಿಫೋರ್ನಿಯದ ಹೊರಗಿನವರಾದುದರಿಂದ ಅಧ್ಯಯನದ ಕಾಗದಗಳಲ್ಲಿ ಅವರಿಗೆ ‘ಓ’ ಎಂಬ ಆಂಗ್ಲ ಅಕ್ಷರವನ್ನು ಗುರುತಾಗಿ ಕೊಟ್ಟಿದ್ದರು. ಓದಿದವರ ಕಣ್ಣಿಗೆ ಆ ಅಕ್ಷರವು ಸೊನ್ನೆಯಾಗಿ ಕಂಡಿತು. ಓಲೆಗರಿಗಳನ್ನು ಪರಿಶೋಧಿಸಿದವರಿಗೆ ಇಂಥ ಲಿಪಿಭ್ರಮೆಯು ಹೊಸದಲ್ಲ. ಆದರೆ ಅಲ್ಲಿ ಕೆಡುವುದು ಒಂದು ಶ್ಲೋಕದ ಪಾದ, ಇಲ್ಲಿ ಕೆಟ್ಟದ್ದು ಒಬ್ಬನ ಹೆಸರು. ಸೊನ್ನೆಯ ರೋಗಿಯೆಂದರೆ ಎಲ್ಲರಿಗಿಂತ ಮೊದಲಿನವನು, ರೋಗವನ್ನು ತಂದವನು ಎಂದು ಅರ್ಥವು ಬೆಳೆಯಿತು. 1987ರಲ್ಲಿ ರ್‍ಯಾಂಡಿ ಶಿಲ್ಟ್ಸ್ ಎಂಬ ಪತ್ರಿಕಾಕರ್ತರು ತಮ್ಮ ಗ್ರಂಥದಲ್ಲಿ ಅವರ ಹೆಸರನ್ನೇ ಹೇಳಿದರು. ಪತ್ರಿಕೆಗಳು ಅದನ್ನೆತ್ತಿಕೊಂಡು, ಒಂದು ಖಂಡಕ್ಕೇ ಏಡ್ಸನ್ನು ತಂದ ಪಾಪವನ್ನು ಸತ್ತವರ ತಲೆಗೆ ಕಟ್ಟಿದುವು. ಹಳೆಯ ರಕ್ತದ ಮಾದರಿಗಳಲ್ಲಿದ್ದ ವೈರಾಣುವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದು ಸುಮಾರು 1970ರ ವೇಳೆಗಾಗಲೇ ಕೆರಿಬಿಯನ್ ಪ್ರದೇಶದಿಂದ ನ್ಯೂಯಾರ್ಕಿಗೆ ಬಂದಿತ್ತೆಂದೂ ಡ್ಯೂಗಾಸರು ಅದರ ಮೂಲರಲ್ಲವೆಂದೂ 2016ರಲ್ಲಿ ಸ್ಥಾಪಿಸಿದರು. ಒಂದು ಅಕ್ಷರವನ್ನು ತಿದ್ದುವುದಕ್ಕೆ ಮೂವತ್ತೆರಡು ವರ್ಷ! ನಡುವಿನ ಕಾಲದಲ್ಲಿ ಆ ಸೊನ್ನೆಯನ್ನು ನಕಲುಮಾಡಿದವರೆಲ್ಲರೂ ಅಚ್ಚಾದ ಆಧಾರವನ್ನೇ ತೋರಿಸುತ್ತಿದ್ದರು.

ಇನ್ನು ಕೆಲವರು ಆಧಾರಕ್ಕೆ ಬದಲಾಗಿ ಅನುಮಾನವನ್ನು ಆಶ್ರಯಿಸುವರು. ಇಂಥವನು ಕೃಶನಾಗಿದ್ದಾನೆ, ಸಭೆಗಳಿಗೆ ಬರುವುದಿಲ್ಲ, ಅವನ ಸ್ನೇಹಿತರು ಇಂಥವರು. ಆದುದರಿಂದ ಅವನಿಗೂ ಇರಲೇಬೇಕು! ಧೂಮದಿಂದ ಅಗ್ನಿಯನ್ನು ಊಹಿಸುವುದಕ್ಕೆ ವ್ಯಾಪ್ತಿಯೆಂಬುದೊಂದು ಬೇಕು, ಕೃಶತೆಗೂ ಎಚ್.ಐ.ವಿ.ಗೂ ಅಂಥ ವ್ಯಾಪ್ತಿಯು ಎಲ್ಲಿದೆ? ಗಾಯಕ ಫ್ರೆಡ್ಡಿ ಮರ್ಕ್ಯುರಿಯವರ ಮುಖವನ್ನು ನೋಡಿ ಲಂಡನ್ನಿನ ಪತ್ರಿಕೆಗಳು ಬಹುಕಾಲ ಹೀಗೆಯೇ ಊಹಿಸುತ್ತಿದ್ದುವು. 1991ರ ನವೆಂಬರ್ 23ರಂದು ಅವರೇ ತಮ್ಮ ರೋಗವನ್ನು ಪ್ರಕಟಿಸಿದರು. ಮರುದಿನ ಪ್ರಾಣವನ್ನು ಬಿಟ್ಟರು. ಊಹೆಯು ನಿಜವಾಯಿತಲ್ಲವೆ ಎಂದು ಬೀಗುವವರಿದ್ದಾರೆ. ಹುಳುವು ಮರವನ್ನು ಕೊರೆದಲ್ಲಿ ಒಮ್ಮೊಮ್ಮೆ ಅಕ್ಷರವು ಮೂಡುವುದುಂಟು. ಅದರಿಂದ ಹುಳುವಿಗೆ ಬರಹವು ಬರುವುದೆಂದು ಯಾರೂ ಹೇಳುವುದಿಲ್ಲ. ನವೆಂಬರ್ 22ರ ಪಟ್ಟಿಯಲ್ಲಿ ಆ ಹೆಸರು ಇರಕೂಡದಾಗಿತ್ತು. 23ರಿಂದ ಈಚೆಗೆ ಇರಬಹುದು.

ಹಾಗಾದರೆ ವಿಚಾರಿಸಿಯೇ ಬರೆಯೋಣ, ಆ ಮನುಷ್ಯನನ್ನೇ ಕೇಳೋಣ ಎಂದು ಪ್ರಾಮಾಣಿಕನಾದ ಪಟ್ಟಿಕಾರನು ಹೇಳಬಹುದು. ಇಲ್ಲಿಯೇ ಸೂಕ್ಷ್ಮವಿರುವುದು. ಆರ್ಥರ್ ಆಶ್ 1975ರಲ್ಲಿ ವಿಂಬಲ್ಡನ್ ಗೆದ್ದ ಟೆನ್ನಿಸ್ ಆಟಗಾರರು. 1983ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಕೊಟ್ಟ ರಕ್ತದಿಂದ ಅವರಿಗೆ ಸೋಂಕು ತಗಲಿತು. ಅದು ತಿಳಿದದ್ದು 1988ರಲ್ಲಿ. ಪತ್ನಿಗೆ, ವೈದ್ಯರಿಗೆ, ಕೆಲವು ಮಿತ್ರರಿಗೆ ಗೊತ್ತಿದ್ದಿತು; ಅವರೆಲ್ಲರೂ ಮೂರು ವರ್ಷಕ್ಕೂ ಮಿಕ್ಕಿ ಗುಟ್ಟನ್ನು ಕಾಪಾಡಿದರು. 1992ರ ಏಪ್ರಿಲಿನಲ್ಲಿ ಯು.ಎಸ್.ಎ. ಟುಡೇ ಎಂಬ ದಿನಪತ್ರಿಕೆಯವರು, ನಿಜವೇ ಎಂದು ಅವರನ್ನೇ ಕೇಳಿದರು. ಪತ್ರಿಕಾಧರ್ಮದಂತೆ ಅದು ವಿಚಾರಣೆಯೇ ಸರಿ. ಆದರೆ ಹೌದೆಂದರೆ ರಹಸ್ಯವು ಹೋಯಿತು, ಅಲ್ಲವೆಂದರೆ ಸುಳ್ಳಾಯಿತು, ಮೌನವೆಂದರೆ ಸಂದೇಹವು ಹಬ್ಬಿತು. ಏಪ್ರಿಲ್ 8ರಂದು ಆಶ್ ಅವರು ಪತ್ರಕರ್ತರನ್ನು ಕರೆದು ತಾವೇ ಹೇಳಿದರು; ಎಳೆಯ ಮಗಳ ಮಾತು ಬಂದಾಗ ಕಂಠವು ಬಿಗಿದು, ಮುಂದಿನದನ್ನು ಅವರ ಪತ್ನಿಯು ಓದಬೇಕಾಯಿತು. ಹತ್ತು ತಿಂಗಳಿಗೆ ಅವರು ತೀರಿಕೊಂಡರು. ಪ್ರಶ್ನೆಯೇ ಪ್ರಕಟನೆಯಾಗುವ ವಿಷಯಗಳಿವೆ. ಇಂಥಲ್ಲಿ ಆಧಾರವನ್ನು ಪರಿಶೀಲಿಸುವುದೆಂದರೆ ಬಾಗಿಲು ತಟ್ಟುವುದಲ್ಲ. ಒಳಗಿನವನು ತಾನಾಗಿ ಹೇಳಿರುವನೇ ಎಂದು ನೋಡಿ, ಹೇಳದಿದ್ದರೆ ಸುಮ್ಮನಿರುವುದು.

ಆಶ್ ಅವರು ಹೀಗೆ ಮಾತಾಡುವುದಕ್ಕೆ ಎರಡೇ ದಿನ ಮುಂಚೆ ಅದೇ ನ್ಯೂಯಾರ್ಕ್ ನಗರದಲ್ಲಿ ಐಸಾಕ್ ಅಸಿಮೋವ್ ಎಂಬ ವಿಜ್ಞಾನಕಥಾಕಾರರು ತೀರಿಕೊಂಡಿದ್ದರು. ಅವರಿಗೂ 1983ರಲ್ಲಿಯೇ ಹೃದಯದ ಶಸ್ತ್ರಚಿಕಿತ್ಸೆ, ಅವರಿಗೂ ಪಡೆದ ರಕ್ತದಿಂದಲೇ ಸೋಂಕು. ವೈದ್ಯರ ಸಲಹೆಯಂತೆ ಮನೆಯವರು ಏನನ್ನೂ ಹೇಳಲಿಲ್ಲ. ಹೃದಯ ಮತ್ತು ಮೂತ್ರಪಿಂಡಗಳು ಸೋತುವೆಂದೇ ಲೋಕಕ್ಕೆ ತಿಳಿಯಿತು. ಹತ್ತು ವರ್ಷಗಳ ಮೇಲೆ, 2002ರಲ್ಲಿ, ಅವರ ಪತ್ನಿ ಜ್ಯಾನೆಟ್ ತಾವು ಸಂಪಾದಿಸಿದ ಆತ್ಮಚರಿತ್ರೆಯ ಸಂಗ್ರಹದಲ್ಲಿ ಸತ್ಯವನ್ನು ಬರೆದರು. ಆ ಹತ್ತು ವರ್ಷ ಅವರ ಹೆಸರಿಲ್ಲದೆ ಯಾವ ಪಟ್ಟಿಗೆ ಏನು ಕುಂದಾಯಿತು?

ಪಟ್ಟಿಕಾರರ ಪರವಾಗಿ ಹೇಳತಕ್ಕದ್ದೂ ಒಂದಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಪ್ರಸಿದ್ಧರ ಹೆಸರುಗಳನ್ನು ಕಂಡು ಅಜ್ಞಾತರಾದ ರೋಗಿಗಳಿಗೆ ಧೈರ್ಯವು ಬರುವುದು ನಿಜ. 1991ರ ನವೆಂಬರಿನಲ್ಲಿ ಮ್ಯಾಜಿಕ್ ಜಾನ್ಸನ್ ಎಂಬ ಬಾಸ್ಕೆಟ್‌ಬಾಲ್ ಆಟಗಾರರೂ, 1999ರಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಧೀಶ ಎಡ್ವಿನ್ ಕ್ಯಾಮರಾನ್ ಅವರೂ ತಾವಾಗಿ ಮುಂದೆ ಬಂದದ್ದರಿಂದ ಮಹೋಪಕಾರವಾಯಿತು. ಆದರೆ ಉಪಕಾರವು ಅವರ ಮಾತಿನದು, ಪಟ್ಟಿಯದಲ್ಲ. ಔಷಧಗಳನ್ನು ಕ್ರಮವಾಗಿ ಸೇವಿಸುವವರು ಈಗ ಇತರರಂತೆಯೇ ದೀರ್ಘಕಾಲ ಬದುಕಬಲ್ಲರು. ಇನ್ನು ಮುಚ್ಚಿಡುವುದೇಕೆ ಎಂದು ಕೇಳುವವರು, ಕ್ಯಾಮರಾನ್ ಅವರಿಗಿಂತ ಕೆಲವೇ ತಿಂಗಳು ಮುಂಚೆ ಅದೇ ದೇಶದಲ್ಲಿ ಗುಗು ಡ್ಲಾಮಿನಿ ಎಂಬ ಹೆಂಗಸಿಗೆ ಒದಗಿದ್ದನ್ನು ನೆನೆಯಬೇಕು. 1998ರ ಡಿಸೆಂಬರಿನಲ್ಲಿ ಆಕೆಯು ತನಗೆ ಎಚ್.ಐ.ವಿ. ಇದೆಯೆಂದು ಬಹಿರಂಗವಾಗಿ ಹೇಳಿದಳು. ಆ ತಿಂಗಳಿನಲ್ಲಿಯೇ ಆಕೆಯನ್ನು ಹೊಡೆದು ಕೊಂದರು. ಅಪಾಯವನ್ನು ತೂಗಿನೋಡಿ ನಾಲಗೆಯನ್ನೆತ್ತುವ ಹಕ್ಕು, ಪೆಟ್ಟನ್ನು ತಿನ್ನಬೇಕಾದವರದು.

ಭಾರತದಲ್ಲಿಯೂ ಇದರ ಅನುಭವವಿಲ್ಲದೆ ಇಲ್ಲ. ಗೋವೆಯಲ್ಲಿ ಸ್ವಇಚ್ಛೆಯಿಂದ ರಕ್ತದಾನ ಮಾಡುತ್ತಿದ್ದ ಡೊಮಿನಿಕ್ ಡಿಸೋಜಾ ಅವರನ್ನು 1989ರಲ್ಲಿ ಪೋಲೀಸರು ಹಿಡಿದೊಯ್ದು 64 ದಿನ ಒಂಟಿಯಾಗಿ ಕೂಡಿಹಾಕಿದರು. ಏತಕ್ಕೆಂದು ಊರಿಗೆಲ್ಲ ತಿಳಿಯಿತು. ಬಿಡುಗಡೆಯ ಮೇಲೆ ಅವರು ತಾವೇ ಮಾತನಾಡಿದರು, ಇತರ ರೋಗಿಗಳಿಗಾಗಿ ದುಡಿದರು. ಅವರ ಹೆಸರನ್ನು ಬರೆಯುವವನು ಆಧಾರವಾಗಿ ತೋರಿಸಬೇಕಾದದ್ದು ಈ ಎರಡನೆಯದನ್ನು, ಪೋಲೀಸರ ಕೈವಾಡವನ್ನಲ್ಲ. ವಿಶ್ವಾಸದಿಂದ ತಿಳಿದ ಇನ್ನೊಬ್ಬರ ಎಚ್.ಐ.ವಿ. ಸ್ಥಿತಿಯನ್ನು ಅವರ ಸಮ್ಮತಿಯಿಲ್ಲದೆ ಹೊರಗೆಡಹಕೂಡದೆಂದು 2017ರ ಕಾಯಿದೆಯು ವಿಧಿಸಿದೆ. ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನನಗೆ ಯಾರೂ ವಿಶ್ವಾಸದಿಂದ ಹೇಳಲಿಲ್ಲ, ಬೀದಿಯಲ್ಲಿ ಕೇಳಿದೆನೆಂದು ಪಟ್ಟಿಕಾರನು ನುಸುಳಿಕೊಳ್ಳಬಹುದು. ಆಗ ತಾನು ಬೀದಿಮಾತನ್ನು ಬರೆದವನೆಂದು ತಾನೇ ಒಪ್ಪಿದಂತಾಯಿತು.

ಆದಕಾರಣ ಪ್ರತಿಯೊಂದು ಹೆಸರಿನ ಮುಂದೆಯೂ ಅವನು ಯಾವ ದಿನ, ಎಲ್ಲಿ, ಯಾವ ಮಾತಿನಲ್ಲಿ ಅದನ್ನು ಹೇಳಿದನೆಂದು ಬರೆಯತಕ್ಕದ್ದು. ಬರೆಯಲಾಗದಿದ್ದರೆ ಹೆಸರನ್ನು ಹೊಡೆದುಹಾಕತಕ್ಕದ್ದು. “ಎನ್ನಲಾಗಿದೆ” ಎಂಬ ಬಾಲವನ್ನು ಕಟ್ಟಿ ಉಳಿಸಿಕೊಳ್ಳಕೂಡದು. ಎಚ್.ಐ.ವಿ. ಸೋಂಕು ಬೇರೆ, ಅದು ಚಿಕಿತ್ಸೆಯಿಲ್ಲದೆ ಬಲಿತಾಗ ಬರುವ ಏಡ್ಸ್ ಬೇರೆ. ಒಂದನ್ನು ಹೇಳಿದವನ ಮೇಲೆ ಇನ್ನೊಂದನ್ನು ಹೊರಿಸಕೂಡದು. ವೇಲ್ಸಿನ ರಗ್ಬಿ ಆಟಗಾರ ಗ್ಯಾರೆತ್ ಥಾಮಸ್ ಅವರ ಹೆಸರು ಈ ರೀತಿಯಲ್ಲಿ ಪಟ್ಟಿಗೆ ನ್ಯಾಯವಾಗಿಯೇ ಸೇರುವುದು. 2019ರ ಸೆಪ್ಟೆಂಬರಿನಲ್ಲಿ ಅವರೇ ಅದನ್ನು ಸಾರಿದರು. ಆದರೆ ಅವರೇ ಹೇಳಿಕೊಂಡಂತೆ, ಅವರ ತಂದೆತಾಯಿಗಳಿಗೆ ಆ ಸುದ್ದಿಯು ಮೊದಲು ತಿಳಿದದ್ದು ಮಗನ ಬಾಯಿಂದಲ್ಲ. ಮನೆಯ ಬಾಗಿಲಿಗೆ ಬಂದ ಒಬ್ಬ ವರದಿಗಾರನ ಬಾಯಿಂದ.